ಫೆಲಿಕ್ಸ್ ಸರ್ ಬರೆದಿಟ್ಟ ಸಾಲುಗಳು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನು. ಮನೆಯಲ್ಲಿ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸೋಣ ಎಂದಾಗಲೆಲ್ಲ ಜಗಳ ತೆಗೆದವನೂ ನಾನೇ. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಸಿಗಲಿಲ್ಲ ಎಂದರೆ ನೀವು ಸರಿಯಾಗಿ ಹುಡುಕಿಲ್ಲ ಎಂದು ದೊಡ್ಡ ಬಾಯಿ ಮಾಡುತ್ತಿದ್ದೆ. ಈಗಲೂ ದೆವ್ವ, ಪ್ರೇತ ಎನ್ನಲು ನಾನು ತಯಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೆ ಕಾರಣ ಹೊಳೆದರೆ ದಯವಿಟ್ಟು ಹೇಳಿ, ಪುಣ್ಯ ಬರುತ್ತದೆ.

ಕಂಕನಾಡಿಯ ಒಂದು ಸಣ್ಣ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನಗಿಂತ ಮೊದಲು ಅವನ್ನು ನೋಡುತ್ತಿದ್ದವರು ಕುಲಶೇಖರದ ಫೆಲಿಕ್ಸ್ ಸರ್. ನಾನು ಸೇರುವ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಮುಖವನ್ನು ನಾನು ನೋಡಿದವನಲ್ಲ, ಗೋಡೆಯ ಮೇಲಿನ ಫೋಟೋದಲ್ಲಿ ನೋಡಿದ್ದು ಅಷ್ಟೇ.

ಆಸ್ಪತ್ರೆಯ ಸರ್ವರಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳಿವೆ. ಒಂದು ಲ್ಯಾಬಿನ ಕಡೆಗೆ, ಇನ್ನೊಂದು ವಾರ್ಡುಗಳ ಕಡೆಗೆ. ಹಿಂದೆಲ್ಲ ಯಂತ್ರವನ್ನು ಬಂದ್ ಮಾಡಿ ಮತ್ತೆ ಹಾಕಿದರೆ ಇವುಗಳ ಹೆಸರು ಅದಲುಬದಲಾಗುತ್ತಿತ್ತು. ನಿನ್ನೆ ಸೊನ್ನೆ ಎಂದು ಕರೆಸಿಕೊಂಡದ್ದು ಇವತ್ತು ಒಂದು. ಆಗ ಲ್ಯಾಬಿನ ರಿಪೋರ್ಟು ವಾರ್ಡಿಗೆ ಬರದೆ ಎಲ್ಲೋ ಕೂತುಬಿಡುತ್ತಿತ್ತು. ಅದಕ್ಕೆ ಮದ್ದು ಒಂದು ಫೈಲು. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಒಂದು ಉದ್ದದ ನಂಬರು ಕೊಡುತ್ತಾರೆ, ಒಂದರ ನಂಬರು ಇನ್ನೊಂದಕ್ಕೆ ಇರುವುದಿಲ್ಲ. ಆ ನಂಬರಿನ ಎದುರಿಗೆ ನಾವೊಂದು ಹೆಸರು, ಅದು ಹೋಗಬೇಕಾದ ವಿಳಾಸ ಬರೆದಿಟ್ಟರೆ ಮತ್ತೆ ಬದಲಾಗುವುದಿಲ್ಲ.

ಹೆಸರು ಇಡುವುದರಲ್ಲಿ ಫೆಲಿಕ್ಸ್ ಸರ್ ಅವರದ್ದೇ ಒಂದು ಪದ್ಧತಿ. "ಈ ಕಾರ್ಡ್ ಹೋದ್ರೆ ಯಾರು ಅಳ್ತಾರೆ, ಅವರ ಹೆಸರು ಇಡ್ಬೇಕು ಅಂತಿದ್ರು" ಎಂದು ಲ್ಯಾಬಿನ ಲಿಲ್ಲಿ ಮೇಡಂ ನನಗೆ ಹೇಳಿದ್ದರು. ಹಾಗಾಗಿ ಲ್ಯಾಬಿನ ಕಾರ್ಡಿಗೆ ಲಿಲ್ಲಿ, ವಾರ್ಡಿನ ಕಾರ್ಡಿಗೆ ಹೆಡ್ ನರ್ಸ್ ಶಾಂತಾ. ಫೈಲು ತೆರೆದು ಮೇಲಿನ ಈ ಎರಡು ಸಾಲು ನೋಡಿ ನಕ್ಕು ಮುಚ್ಚಿದ್ದೆ. ಹೊಸ ಸಿಸ್ಟಂ ಕಾರ್ಡು ಕೂತ ಜಾಗ ನೋಡಿ ತಾನೇ ಹೆಸರು ಕೊಡುತ್ತದೆ, ಇದೆಲ್ಲ ಹಳೇ ಕಾಲದ್ದು, ಅಳಿಸಬೇಕು ಎಂದುಕೊಂಡಿದ್ದೆ. ಸೋಮಾರಿತನದಿಂದ ಅಳಿಸಲಿಲ್ಲ.

ಅದೊಂದು ಭಾನುವಾರ ಮಧ್ಯಾಹ್ನ. ಮಳೆಗಾಲಕ್ಕೆ ಮೊದಲಿನ ಸಿಡಿಲು ಹೊಡೆದು ಲ್ಯಾಬಿನ ಕಾರ್ಡು ಸುಟ್ಟುಹೋಯಿತು. ಅದೇ ಹೊತ್ತಿಗೆ ಮೇಲಿನ ಐಸಿಯುವಿನಲ್ಲಿ ನನ್ನ ಅಮ್ಮ ಡೆಂಗ್ಯೂವಿನಿಂದ ಮಲಗಿದ್ದಳು. ಪ್ಲೇಟ್‌ಲೆಟ್ ಎಷ್ಟಿದೆ ಎಂದು ಗೊತ್ತಾಗದೆ ಡಾಕ್ಟರು ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಹಿಂದಿನ ವಾರ ಇಬ್ಬರು ರೋಗಿಗಳ ಲೆಕ್ಕ ಫೋನಿನಲ್ಲಿ ಅದಲುಬದಲಾಗಿ ದೊಡ್ಡ ರಂಪವಾಗಿತ್ತು. ಪರದೆಯ ಮೇಲೆ ಬರದೆ ಒಂದನ್ನೂ ನಂಬುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು.

ಕಂಪ್ಯೂಟರ್ ಅಂಗಡಿಯವರನ್ನು ಮನೆಯಿಂದ ಎಬ್ಬಿಸಿ, ಅರ್ಧ ಶಟರ್ ಎತ್ತಿಸಿ, ಸೀಲ್ ಒಡೆಯದ ಹೊಸ ಕಾರ್ಡು ತಂದೆ. ಪ್ಲಾಸ್ಟಿಕನ್ನು ಹಲ್ಲಿನಿಂದಲೇ ಹರಿದೆ. ಲಿಲ್ಲಿ ಮೇಡಂ ಬಾಗಿಲಲ್ಲೇ ನಿಂತಿದ್ದರು. "ಬೇಗ ಮಾಡಿ ಮಾರಾಯ್ರೆ, ನಿಮ್ಮ ಅಮ್ಮನ ರಿಪೋರ್ಟ್ ಉಂಟು ಇದ್ರಲ್ಲಿ!" ಕಾರ್ಡು ಕೂರಿಸಿ ಯಂತ್ರ ಹಾಕಿದೆ. ಇನ್ನು ಹೊಸ ಕಾರ್ಡಿನ ಹೆಸರು ನೋಡಿ, ಅದಕ್ಕೆ ವಿಳಾಸ ಕೊಟ್ಟು, ದಾರಿ ತೋರಿಸಬೇಕು. ಅರ್ಧ ಗಂಟೆಯ ಕೆಲಸ. ನಾನು ಒಂದಕ್ಷರ ಒತ್ತುವ ಮೊದಲೇ ಅವರು ಕೂಗಿದರು, "ಬಂತು, ಬಂತು! ರಿಪೋರ್ಟ್ ಹೋಯ್ತು!"

ಹೇಗೆ ಹೋಯಿತು? ಪರದೆಯ ಮೇಲೆ ಕಾರ್ಡಿನ ಹೆಸರು ನೋಡಿದೆ. ವಸಂತಿ. ನನ್ನ ಅಮ್ಮನ ಹೆಸರು.

ಅಮ್ಮನಿಗೆ ಆ ಸಂಜೆಯೇ ಪ್ಲೇಟ್‌ಲೆಟ್ ಕೊಟ್ಟರು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅವಳು ಬದುಕಿದಳು. ಅವಳು ಮನೆಗೆ ಬಂದ ಮೇಲೆ ನಾನು ಫೈಲನ್ನು ಕೊನೆಯವರೆಗೂ ಓದಿದೆ. ಲಿಲ್ಲಿ, ಶಾಂತಾ, ಆಮೇಲೆ ತುಂಬ ಖಾಲಿ ಜಾಗ. ಅದರ ಕೆಳಗೆ ವಸಂತಿ, ಹೊಸ ಕಾರ್ಡಿನ ನಂಬರು, ಲ್ಯಾಬಿಗೆ ಹೋಗುವ ವಿಳಾಸ. ಒಂದಂಕೆ ಹೆಚ್ಚುಕಡಿಮೆ ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು, ಯಾವುದೋ ನಂಬರು, ಒಂದು ಹುಡುಗಿಯ ಹೆಸರು. ಆ ಹೆಸರಿನವರು ಯಾರೂ ನನಗೆ ಗೊತ್ತಿರಲಿಲ್ಲ.

ಗಾಬರಿಯಲ್ಲಿ ನಾನೇ ಬರೆದು ಮರೆತೆನೋ ಎಂದು ಮೊದಲು ನನ್ನನ್ನೇ ಸಂಶಯಪಟ್ಟೆ. ಕಾರ್ಡು ಯಾರಾದರೂ ಬಳಸಿ ವಾಪಸು ಕೊಟ್ಟದ್ದೋ ಎಂದು ಅಂಗಡಿಯವರ ಜೊತೆ ಜಗಳವನ್ನೂ ಆಡಿದೆ. ಅವರು ಪೆಟ್ಟಿಗೆ ತೋರಿಸಿದರು. ಕಾರ್ಡು ತಯಾರಾದದ್ದೇ ಆ ವರ್ಷ, ಫೆಲಿಕ್ಸ್ ಸರ್ ತೀರಿಕೊಂಡು ಎಷ್ಟೋ ಕಾಲದ ಮೇಲೆ. ಕೊನೆಗೆ ಕುಲಶೇಖರಕ್ಕೆ ಹೋಗಿ ಫೆಲಿಕ್ಸ್ ಸರ್ ಅವರ ಹೆಂಡತಿ ಲೀನಾ ಆಂಟಿಯನ್ನು ಕಂಡೆ. ಸರ್ ಏನು ಮಾಡಿದರೂ ಮೊದಲು ಒಂದು ಉದ್ದ ಪುಸ್ತಕದಲ್ಲಿ ನೀಲಿ ಪೆನ್ನಿನಿಂದ ಬರೆಯುತ್ತಿದ್ದರಂತೆ. ಆಂಟಿ ಅದನ್ನು ಕಪಾಟಿನಿಂದ ತೆಗೆದುಕೊಟ್ಟರು. ನಾಲ್ಕು ಸಾಲುಗಳೂ ಅದರಲ್ಲಿದ್ದವು.

"ಈ ವಸಂತಿ ಯಾರು ಆಂಟಿ?"

"ನನಗೆಂತ ಗೊತ್ತು ಪುತಾ. ಕಾಯಿಲೆಯಿಂದ ಮಲಗಿದ ಮೇಲೆ ಅವರು ಪುಸ್ತಕ ಮುಟ್ಟಿದ್ದೇ ಇಲ್ಲ. ನೀನು ಯಾಕೆ ಹೀಗೆ ಬೆವರ್ತಿದ್ದಿ?"

ನಾನು ಚಹಾ ಕೂಡ ಕುಡಿಯದೆ ಎದ್ದು ಬಂದೆ.

ಎರಡು ವರ್ಷ ಕಳೆಯಿತು. ನಮಗೆ ಮಗಳು ಹುಟ್ಟಿದಳು. ನಾನು ಮನೆಯಲ್ಲಿ ಈ ವಿಷಯದ ಬಗ್ಗೆ ಬಾಯಿಬಿಟ್ಟವನಲ್ಲ, ಇವತ್ತಿಗೂ ಇಲ್ಲ. ಹೆಸರಿಡುವ ದಿನ, ಅಜ್ಜಿಯೇ ಹೇಳಲಿ ಎಂದು ಎಲ್ಲರೂ ಅಮ್ಮನನ್ನು ಮುಂದೆ ಕೂರಿಸಿದರು. ಯಾವ ಹೆಸರು ಎಂದು ಅವಳು ಮತ್ತು ನನ್ನ ಹೆಂಡತಿ ಸೇರಿ ಗುಟ್ಟಾಗಿ ನಿಶ್ಚಯಿಸಿದ್ದರು. ಅಮ್ಮ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದಳು, ಆಮೇಲೆ ನಮಗೆಲ್ಲ ಕೇಳುವ ಹಾಗೆ ಒಮ್ಮೆ. ಫೈಲಿನ ಕೊನೆಯ ಸಾಲಿನ ಹೆಸರು. "ಬೇಡ, ಬೇರೆ ಇಡುವ" ಎಂದು ನಾನು ಕಿರುಚಿದೆನಂತೆ. "ಎಂತ ಆಯ್ತು ನಿಂಗೆ? ಎಷ್ಟು ಚಂದದ ಹೆಸರು" ಎಂದಳು ಅಮ್ಮ. ಕಾರಣ ಕೇಳಿದರು. ನನ್ನ ಹತ್ತಿರ ಕಾರಣ ಇರಲಿಲ್ಲ.

ಮಗಳಿಗೆ ಈಗ ಐದು ವರ್ಷ. ಸಣ್ಣ ಜ್ವರ ಬಂದರೂ ನಾನು ರಾತ್ರಿಯಿಡೀ ಕೂರುತ್ತೇನೆ. ಆ ಸಾಲನ್ನು ಅಳಿಸಲು ನೂರು ಸಲ ಫೈಲು ತೆರೆದಿದ್ದೇನೆ. ಅವಳನ್ನು ಉಳಿಸುವುದೇ ಆ ಸಾಲಾಗಿದ್ದರೆ? ಹಾಗೆಯೇ ಮುಚ್ಚುತ್ತೇನೆ. ಆಸ್ಪತ್ರೆಗೆ ಹೊಸ ಕಾರ್ಡು ಬಂದಾಗಲೆಲ್ಲ ಮೊದಲು ಅದರ ನಂಬರು ಓದುತ್ತೇನೆ. ಇವತ್ತು ಬೆಳಿಗ್ಗೆಯೂ ಒಂದು ಪೆಟ್ಟಿಗೆ ಬಂದಿದೆ. ಮೇಜಿನ ಮೇಲಿದೆ, ಇನ್ನೂ ಒಡೆದಿಲ್ಲ.