ಎರಡನೇ ನಾಯಿ ತಂದ ಸ್ತಾಮೆನ್

ಪ್ಲೋವ್ಡಿವ್ ಊರಿನ ನಮ್ಮ ವಠಾರದ ಸ್ತಾಮೆನ್ ಎರಡನೇ ನಾಯಿ ತಂದಾಗಿನಿಂದ ಪಂಡಿತನಾಗಿದ್ದಾನೆ. ಅಂಗಳದಲ್ಲಿ ನಾವು ಹೆಂಗಸರು ಚಳಿಗಾಲಕ್ಕೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸುಲಿಯುತ್ತಿದ್ದರೆ, ಅವನು ಬೆಂಚಿನ ಮೇಲೆ ಕೂತು ಹಣ್ಣಿನ ಸಾರಾಯಿ ರಾಕಿಯಾ ಹೀರುತ್ತ ಉಪದೇಶಿಸುತ್ತಾನೆ: "ಹೊಸಬಳನ್ನ ಏಕಾಏಕಿ ಮನೆಯೊಳಗೆ ಬಿಡಬಾರದು ಕಣ್ರಮ್ಮಾ. ಮೊದಲು ಬೀದಿಯಲ್ಲಿ ಪರಿಚಯ ಆಗ್ಬೇಕು. ಬೇರೆ ತಟ್ಟೆ, ಬೇರೆ ಮೂಲೆ ಕೊಡ್ಬೇಕು. ಹಳಬಳು ಗುರ್ ಅಂದ್ರೆ ನಾವು ಮಧ್ಯೆ ನಿಲ್ಬೇಕು." ಉಚ್ಚೆ ಒರೆಸುವುದು, ಎರಡು ತಟ್ಟೆ ತೊಳೆಯುವುದು ಮಾತ್ರ ಹೆಂಡತಿ ಯೊನ್ಕಾಳ ಪಾಲು. ನಿನ್ನೆ ಅವಳು ಮಸಿಗೈ ಒರೆಸಿಕೊಂಡು ಕೇಳಿದಳು: "ಮದುವೆಯಾದ ಮರುದಿನವೇ ನನ್ನನ್ನ ನಿಮ್ಮಮ್ಮನ ಅಡುಗೆಮನೆಗೆ ತಳ್ಳಿ ಮೀನು ಹಿಡಿಯೋಕೆ ಹೋದ್ಯಲ್ಲೋ, ಆಗೆಲ್ಲಿತ್ತು ಈ ವಿದ್ಯೆ?" ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಅವಳತ್ತೆ, "ಯೊನ್ಕಾ, ಮೆಣಸಿನಕಾಯಿ ಸೀಯ್ತಿದೆ, ಕಣ್ಣಿಲ್ವಾ?" ಎಂದು ಗದರಿದರು. ಸ್ತಾಮೆನ್ ತಟ್ಟನೆ ಎದ್ದ. ಮಧ್ಯೆ ನಿಲ್ಲುತ್ತಾನೇನೋ ಎಂದುಕೊಂಡೆವು. ಅವನಿಗೆ ನಾಯಿಗಳನ್ನು ತಿರುಗಾಡಿಸುವ ಹೊತ್ತಾಗಿತ್ತು.