ಶಿವಗಂಗವ್ವನ ತಿಪ್ಪೆ

ತಿರ್ಲಾಪುರದ ಕೆಳಗಿನ ಓಣಿಯಲ್ಲಿ ಶಿವಗಂಗವ್ವನಷ್ಟು ಕೊಡುಗೈ ಹೆಂಗಸು ಇನ್ನೊಬ್ಬಳಿರಲಿಲ್ಲ. ಮಜ್ಜಿಗೆ ಕೇಳಿ ಬಂದವರಿಗೆ ಮೊಸರನ್ನೇ ಸುರಿದು ಕಳಿಸುವ ಕೈ ಅವಳದು. ಆದರೆ ಅವಳ ಮನೆ ಮುಂದಿನ ತಿಪ್ಪೆಯ ಮಾತೆತ್ತಿದರೆ ಮುಗಿಯಿತು, ಆ ತಣ್ಣನೆಯ ಬಾಯಿ ಬೆಂಕಿ ಕಾರುತ್ತಿತ್ತು.

ಕಾರಣವಿಲ್ಲದೆ ಅಲ್ಲ. ಅವಳು ಹೆತ್ತ ಮೊದಲ ಮೂರು ಕೂಸುಗಳು ತೊಟ್ಟಿಲು ಕಾಣದೆ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಅತ್ತೆ ಹಳೆಯ ರೂಢಿಯಂತೆ ಅದನ್ನು ಒಯ್ದು ತಿಪ್ಪೆಯ ಮೂಲೆಯಲ್ಲಿ ಮಲಗಿಸಿದಳು. ಯಾರಿಗೂ ಬೇಡವಾದ ಕೂಸು ಎಂದು ತೋರಿಸಿದರೆ ಸಾವೂ ಅದರ ಕಡೆ ಹೊರಳಿ ನೋಡುವುದಿಲ್ಲವಂತೆ. ಮೊದಲೇ ಮಾತಾಗಿದ್ದ ಪ್ರಕಾರ ಬಾಜು ಮನೆಯ ಮಾಬುಬಿ ಬಂದು, ದಾರಿಯಲ್ಲಿ ಸಿಕ್ಕಿತೆಂಬಂತೆ ಕೂಸನ್ನು ಎತ್ತಿಕೊಂಡಳು. ಶಿವಗಂಗವ್ವ ಒಂದು ಬೊಗಸೆ ನುಚ್ಚು ಕೊಟ್ಟು ತನ್ನ ಮಗನನ್ನು ತಾನೇ ಕೊಂಡಳು. ತಿಪ್ಪಣ್ಣ ಎಂದು ಹೆಸರಿಟ್ಟರು. ಹುಡುಗ ಉಳಿದ. ಉಳಿದದ್ದಷ್ಟೇ ಅಲ್ಲ, ರೊಟ್ಟಿ ಬುಟ್ಟಿ ಖಾಲಿ ಮಾಡುತ್ತ ಹೋರಿಯ ಹಾಗೆ ಬೆಳೆದ.

ಅಂದಿನಿಂದ ಪ್ರತಿ ಬೇಸಿಗೆ ಗೊಬ್ಬರ ಹೇರಿ ಹೊಲಕ್ಕೆ ಹೊಡೆದರೂ ಆ ಮೂಲೆಯ ತಳಕ್ಕೆ ಅವಳು ಸಲಿಕೆ ತಾಗಗೊಡಲಿಲ್ಲ. ಮಂದಿ ದೀಪಾವಳಿಗೊಮ್ಮೆ ತಿಪ್ಪೆಗೆ ದೀಪ ಇಟ್ಟರೆ ಅವಳು ದಿನಾ ಸಂಜೆ ಇಡುತ್ತಿದ್ದಳು.

ಆ ಸೀಮೆಯಲ್ಲಿ ಬಾವಿ ತೋಡಿದರೆ ಸವಳು ನೀರು, ಕುಡಿಯಲು ಕೆರೆಯೇ ಗತಿ. ಓಣಿಯಲ್ಲಿ ಬಿದ್ದ ಮಳೆ ಸಾಲು ತಿಪ್ಪೆಗಳನ್ನು ತೊಳೆದುಕೊಂಡು ನೇರ ಆ ಕೆರೆಗೇ ಇಳಿಯುತ್ತಿತ್ತು. ಎಂಬತ್ಮೂರರ ಮಳೆಗಾಲದಲ್ಲಿ ಓಣಿಯ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಮಾಬುಬಿಯ ಮೊಮ್ಮಗಳು ನವಲಗುಂದದ ದವಾಖಾನೆಯಿಂದ ಜೀವಂತ ಬಂದದ್ದೇ ದೊಡ್ಡದು. ಮರು ಬೇಸಿಗೆಗೆ ಈರಪ್ಪನೆಂಬ ತರುಣ ಮುಂದಾಗಿ ಓಣಿಯವರನ್ನು ಕೂಡಿಸಿದ. ತಿಪ್ಪೆಗಳನ್ನೆಲ್ಲ ಕೆರೆಯ ಇಳಿಜಾರಿನಾಚೆ ಊರ ಹೊರಗೆ ಒಯ್ಯುವುದು, ಕುಳಿಗಳಿಗೆ ಗರಸು ಮಣ್ಣು ತುಂಬುವುದು, ನೀರು ಹರಿಯುವ ದಾರಿಗುಂಟ ಬೇವಿನ ಸಸಿ ಹಚ್ಚುವುದು ಎಂದು ಮಾತಾಯಿತು. ಗೊಣಗಾಟವೇನು ಕಡಿಮೆಯಿರಲಿಲ್ಲ. ತಿಪ್ಪೆ ಅಂದರೆ ಲಕ್ಷ್ಮಿ, ಊರ ಹೊರಗೆ ಹೇಗೆ ಹಾಕುವುದು ಎಂದರು ಕೆಲವರು. ಅಷ್ಟು ದೂರ ಸೆಗಣಿ ಹೊತ್ತು ನಮ್ಮ ಸೊಂಟ ಮುರಿದರೆ ಈರಪ್ಪ ಬಂದು ತಿಕ್ಕುತ್ತಾನೇನು ಎಂದು ಹೆಂಗಸರು ಕೇಳಿದರು. ಆದರೂ ಒಬ್ಬರ ಚಕ್ಕಡಿ, ಇನ್ನೊಬ್ಬರ ಎತ್ತು ಕೂಡಿ ಕೆಲಸ ಸಾಗಿತು. ಮುಂಗಾರು ಹತ್ತಿರ ಬರುವ ಹೊತ್ತಿಗೆ ಉಳಿದದ್ದು ಒಂದೇ ತಿಪ್ಪೆ. ಅದೂ ಓಣಿಯ ಮೇಲ್ತುದಿಯದು, ಎಲ್ಲಕ್ಕಿಂತ ದೊಡ್ಡದು.

ಈರಪ್ಪ ಒಳ್ಳೆಯವನೇ, ನಾಲಿಗೆ ಮಾತ್ರ ತುಸು ಉದ್ದ. ಗೊಬ್ಬರ ಮಕ್ಕಳನ್ನು ಕಾಯುವ ಹಾಗಿದ್ದರೆ ದವಾಖಾನೆ ಯಾಕೆ ಬೇಕಿತ್ತು ಎಂದು ನಾಲ್ಕು ಮಂದಿಯೆದುರು ಅಂದುಬಿಟ್ಟ. ಮಂದಿ ನಕ್ಕರು. ನಾಚಿಕೆಯಿಂದ ತಿಪ್ಪಣ್ಣನೇ ತಾಯಿಗೆ, ತೆಗೆಯಲಿ ಬಿಡು ಎಂದ. ಇಪ್ಪತ್ತರ ಮಗ ಎದುರಿಗೆ ನಿಂತಿದ್ದರೂ ಶಿವಗಂಗವ್ವನ ಕಣ್ಣಿಗೆ ಕಂಡದ್ದು ಆ ಮೂರು ಕೂಸುಗಳು. ನಗುವವರು ನಗಲಿ, ಕರುಳು ಸುಟ್ಟುಕೊಂಡವಳ ಹೆದರಿಕೆ ನಗುವವರಿಗೆ ಏನು ಗೊತ್ತು. ಅವಳು ಬಾಗಿಲು ಹಾಕಿಕೊಂಡು ಅತ್ತಳು.

ಇಷ್ಟು ದಿನ ಮಾಬುಬಿ ತುಟಿ ಪಿಟಕ್ಕೆಂದಿರಲಿಲ್ಲ, ಅದೇ ನೀರು ಅವಳ ಮೊಮ್ಮಗಳ ಹೊಟ್ಟೆಗೂ ಹೋಗುತ್ತಿದ್ದರೂ. ಆ ಸಂಜೆ ಬಂದು ಗೆಳತಿಯ ಪಕ್ಕ ಕೂತಳು.

"ಗಂಗವ್ವಾ, ನಿಮ್ಮತ್ತಿ ಅವನ್ನ ತಿಪ್ಪಿ ಮ್ಯಾಲೆ ಇಟ್ಟಿದ್ದು ಖರೆ. ಆದ್ರ ತಿಪ್ಪಿ ಅವನ್ನ ಎತ್ತಲಿಲ್ಲ ಬೇ, ನಾ ಎತ್ತೀನಿ. ನೀ ನುಚ್ಚು ಕೊಟ್ಟಿದ್ದು ನನಗ. ಅವನ ಸಲುವಾಗಿ ಯಾರನ್ನರ ಕೇಳೂದಿದ್ರ ನನ್ನ ಕೇಳು."

ಶಿವಗಂಗವ್ವ ಮರುದಿನ ಮುಂಜಾನೆ ಸಲಿಕೆ ಹಿಡಿದು ತಾನೇ ಆ ಮೂಲೆಗೆ ಇಳಿದಳು. ಮೊದಲ ಬುಟ್ಟಿ ಮಾಬುಬಿ ಹೊತ್ತಳು.

ಮಳೆ ಬಂತು. ಕೆರೆಗೆ ಬರೀ ಮಣ್ಣಿನ ಬಣ್ಣದ ನೀರು ಇಳಿಯಿತು, ಓಣಿ ಹಿಗ್ಗಿತು. ಆದರೆ ಮಳೆಯ ಹಿಂದೆಯೇ ತಿಪ್ಪಣ್ಣನಿಗೆ ಜ್ವರ ಏರಿತು. ನವಲಗುಂದದ ಡಾಕ್ಟರು ಬಂದು ಸೂಜಿ ಚುಚ್ಚಿ, ನಡುಕದ ಜ್ವರ, ಇಳಿಯುತ್ತದೆ ಎಂದು ಗುಳಿಗೆ ಕೊಟ್ಟು ಹೋದರು. ಜ್ವರ ಇಳಿಯಲಿಲ್ಲ. ಹೋರಿಯಂಥ ಹುಡುಗ ಕೌದಿಯೊಳಗೆ ಮುದುಡಿಕೊಂಡು ಏನೇನೋ ಕನವರಿಸತೊಡಗಿದ. ಶಿವಗಂಗವ್ವ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಓಣಿಗೆ ತುಸು ಸಮಾಧಾನವಾದರೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಜಿಟಿಜಿಟಿ ಮಳೆಯಲ್ಲಿ ಅಂಗಳದಲ್ಲಿ ಸಪ್ಪಳವಾಯಿತು. ಮಾಬುಬಿ ಗೊಬ್ಬರದ ಬುಟ್ಟಿ ಹೊತ್ತು ನಿಂತಿದ್ದಳು. ತಲೆಯಿಂದ ಕರಿ ನೀರು ಇಳಿದು ಮುಖ, ಸೀರೆ ಎಲ್ಲ ರಾಡಿಯಾಗಿತ್ತು.

"ನಾ ದೊಡ್ಡ ಮಾತಾಡಿದೆ ಗಂಗವ್ವಾ. ಇದ್ದಲ್ಲೇ ಹೊಳ್ಳಿ ಹಾಕೂಣು," ಎಂದು ಅತ್ತಳು.

ಅವಳ ಹಿಂದೆ ಈರಪ್ಪ. ಇಂಥ ಯಾವುದನ್ನೂ ನಂಬದ ಆ ಹುಡುಗನ ತಲೆಯ ಮೇಲೂ ಒಂದು ಬುಟ್ಟಿ. ಅವನ ಹಿಂದೆ, ಸೊಂಟದ ಮಾತಾಡಿದ್ದ ಹೆಂಗಸರು, ನಕ್ಕಿದ್ದ ಗಂಡಸರು, ಓಣಿಗೆ ಓಣಿಯೇ. ಗರಸು ತುಂಬಿದ ಕುಳಿಯನ್ನು ಅಗೆಯಲು ಗುದ್ದಲಿಯನ್ನೂ ತಂದಿದ್ದರು.

"ತಡಾ ಮಾಡಬ್ಯಾಡ ದೊಡ್ಡವ್ವಾ," ಎಂದ ಈರಪ್ಪ. "ಕೆರಿದು ಆಮ್ಯಾಲೆ ನೋಡೂಣು. ಮೊದಲ ತಿಪ್ಪಣ್ಣ ಏಳ್ಲಿ."

ಶಿವಗಂಗವ್ವ ಹೊಸ್ತಿಲಲ್ಲಿ ನಿಂತು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಹಾಕಿಬಿಡ್ರಿ ಎಂಬ ಮಾತು ಅವಳ ಗಂಟಲಿಗೆ ಬಂದದ್ದು ಸುಳ್ಳಲ್ಲ. ಒಳಗೆ ಮಗ ನರಳಿದ. ಅವಳು ಅಂಗಳಕ್ಕಿಳಿದು ಮಾಬುಬಿಯ ತಲೆಯ ಬುಟ್ಟಿಯನ್ನು ತನ್ನ ಕೈಯಾರೆ ಇಳಿಸಿದಳು.

"ಅವತ್ತ ನೀ ಒಬ್ಬಾಕಿ ಎತ್ಕೊಂಡಿದ್ದಿ," ಎಂದಳು. "ಇವತ್ತ ಇಷ್ಟು ಮಂದಿ ಎತ್ಕೊಂಡೀರಿ. ಇನ್ನ ಅವನ್ನ ತಿಪ್ಪಿ ಮ್ಯಾಲೆ ಯಾಕ ಇಡೂಣು? ಹೊಳ್ಳಿ ಒಯ್ರಿ."

ಒಳಗೆ ಹೋಗಿ ಮಗನ ಪಕ್ಕ ಕೂತು ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಜ್ವರ ಅಂದೇ ಇಳಿಯಲಿಲ್ಲ. ಇನ್ನಷ್ಟು ದಿನ ಕಾಡಿಸಿ, ಮೈಯೆಲ್ಲ ಹಿಂಡಿ, ತಾನಾಗಿ ಬಿಟ್ಟಿತು. ಎದ್ದು ಗೋಡೆಗೆ ಒರಗಿ ಕೂತ ತಿಪ್ಪಣ್ಣ ಮೊದಲು ಕೇಳಿದ್ದು ನೀರು. ಸುದ್ದಿ ಹಬ್ಬಿ ಓಣಿಯ ಮನೆಮನೆಯಿಂದ ಒಂದೊಂದು ತಂಬಿಗೆ ಬಂತು. ಎಲ್ಲವೂ ಅದೇ ಕೆರೆಯ ನೀರು. ಆದರೂ ಶಿವಗಂಗವ್ವ ಯಾವ ತಂಬಿಗೆಯನ್ನೂ ಬಿಡದೆ ಒಂದೊಂದರಿಂದ ಒಂದೊಂದು ಗುಟುಕು ಮಗನಿಗೆ ಕುಡಿಸಿದಳು.