ಉಜ್ಜಿ ಸವೆದ ಬಿಲ್ಲೆಗಳು

ಟಿಣ್, ಟಿಣ್, ಆಮೇಲೊಂದು ಉದ್ದನೆಯ ಟ್ಣ್ಣ್. ಕಾನ್ವೆಂಟಿನಿಂದ ಬರುವಾಗ ಬೀದಿಯ ತಿರುವಿನಲ್ಲೇ ಕೇಳುತ್ತಿತ್ತು. ಅಪ್ಪ ಹೊಸ ತಾಮ್ರದ ಬಿಲ್ಲೆಗಳನ್ನು ಕಲ್ಲಿನ ಮೇಲೆ ಬೀಳಿಸಿ ನಾದ ನೋಡುತ್ತಿದ್ದರು. ಐವತ್ತರ ದಶಕದ ದಾವಣಗೆರೆ. ಹತ್ತಿ ಗಿರಣಿಯೊಂದು ಕೂಲಿಯವರಿಗೆ ಕೊಡುತ್ತಿದ್ದ ಬಿಲ್ಲೆಗೆ ಅಚ್ಚು ಕೊರೆದವರು ಅವರೇ. ಅದನ್ನು ಕೊಟ್ಟರೆ ಗಿರಣಿಯ ಅಂಗಡಿಯಲ್ಲಿ ಜೋಳ, ಬೆಲ್ಲ ಸಿಗುತ್ತಿತ್ತು.

ಖೋಟಾ ಬಿಲ್ಲೆ ಬಾರದಿರಲೆಂದು ಅಪ್ಪ ಅಂಚಿಗೆ ಕೂದಲೆಳೆಯಂಥ ಓರೆಗೆರೆ ಹಾಕಿದ್ದರು. "ಎರಕ ಹೊಯ್ದು ಮಾಡೋನಿಗೆ ಈ ಗೆರಿ ಬರಂಗಿಲ್ಲ," ಎಂದು ಲೆನ್ಸ್ ಕೊಟ್ಟು ನನಗೂ ತೋರಿಸಿದ್ದರು. I was so proud of him!

ಹಿಂದಿನ ಓಣಿಯಲ್ಲಿ ಅದೇ ಗಿರಣಿಯ ಹತ್ತಿ ಹಸನು ಮಾಡುವ ಒಬ್ಬ ವಿಧವೆ ಇದ್ದಳು. ನಾನು ದೊಡ್ಡವ್ವ ಎನ್ನುತ್ತಿದ್ದೆ. ಮಗಳ ಬಾಣಂತನದ ಬೆಲ್ಲಕ್ಕೆಂದು ಮೂರು ವರ್ಷದಿಂದ ಬಿಲ್ಲೆ ಉಳಿಸಿ ದೇವರ ಮುಂದಿಟ್ಟಿದ್ದಳು. ದೇವರ ಮುಂದಿನದು ಕಪ್ಪಾಗಬಾರದಲ್ಲ, ಶುಕ್ರವಾರ ಶುಕ್ರವಾರ ತಂಬಿಗೆ, ಆರತಿತಟ್ಟೆಯ ಜೊತೆ ಅವನ್ನೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜುವಳು. "ಬಾರಮ್ಮ ದೊರೆಸಾನಿ, ಇಂಗ್ಲಿಷ್ನಾಗ ಉಜ್ಜು ನೋಡಾನ," ಎಂದು ನನಗೂ ಒಂದು ಹಿಡಿ ಕೊಡುವಳು. ಆ ಓಣಿಗೆ ಕಾಲಿಡಬಾರದೆಂದು ಅಪ್ಪನ ಕಟ್ಟಪ್ಪಣೆ. "ನಿಮ್ಮಪ್ಪಗ ಹೇಳಂಗಿಲ್ಲ ಬಿಡು," ಎಂದು ದೊಡ್ಡವ್ವ ಮಾತು ಕೊಟ್ಟಿದ್ದಳು.

ಮಗಳಿಗೆ ದಿನ ತುಂಬಿದಾಗ ಅವಳು ಬಿಲ್ಲೆಗಳನ್ನು ಅಂಗಡಿಗೆ ಒಯ್ದಳು. ಅಂಚು ನುಣ್ಣಗಿದ್ದದ್ದು ನೋಡಿ ಗುಮಾಸ್ತ ಅಪ್ಪನನ್ನು ಕರೆಸಿದ. ಲೆನ್ಸಿನ ಡಬ್ಬಿ ಹಿಡಿದು ನಾನೂ ಹೋದೆ.

"ತೊಳದೀನ್ರಿ ಅಷ್ಟ," ಎಂದಳು ದೊಡ್ಡವ್ವ.

ಗುಮಾಸ್ತ ನಕ್ಕ. "ತೊಳದ್ರ ಅಚ್ಚು ಅಳಿಸಿ ಹೋಗ್ತೈತೇನಬೇ? ಹಂಗಾರ ಸರ್ಕಾರದ ದುಡ್ಡೆಲ್ಲ ಮಳಿಗೆ ಕರಗಿ ಹೋಗಬೇಕಿತ್ತು."

ಅವಳು ನನ್ನ ಕಡೆ ನೋಡಿದಳು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅಪ್ಪ ಅಂಚಿನ ಮೇಲೆ ಉಗುರಾಡಿಸಿ, "ಗೆರಿ ಇಲ್ಲ. ಎರಕದ ಮಾಲು," ಎಂದರು. ಯಾಕೋ ಅವತ್ತು ಕಲ್ಲಿಗೆ ಬೀಳಿಸಿ ನಾದ ನೋಡಲಿಲ್ಲ. ಅವಳ ಕೆಲಸ ಹೋಯಿತು. ಸುಳ್ಳು ಹೇಳುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಾನೇನೂ ಸುಳ್ಳು ಹೇಳಿರಲಿಲ್ಲ, ನನ್ನನ್ನು ಯಾರೂ ಕೇಳಿರಲೂ ಇಲ್ಲ.

ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರು ಹೊಡೆಯಲಿಲ್ಲ. ಚಪ್ಪಲಿಯನ್ನೂ ಮರೆತು ಗಿರಣಿಗೆ ಓಡಿದರು. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಒಪ್ಪಿದರು. ಅಷ್ಟರಲ್ಲಿ ಅವಳ ಮನೆಗೆ ಬೀಗ ಬಿದ್ದಿತ್ತು.

ಹರಿಹರದ ಸ್ಟೇಷನ್ನಿನಲ್ಲಿದ್ದಾಳೆಂದು ಯಾರೋ ಹೇಳಿದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಪ್ಲಾಟ್‌ಫಾರ್ಮಿನಲ್ಲಿ ಪೇರಲಹಣ್ಣು ಮಾರುತ್ತಿದ್ದಳು. ಅಪ್ಪ ಎಲ್ಲರೆದುರು ಕೈ ಮುಗಿದರು. "ತಪ್ಪಾತವ್ವ. ವಾಪಸ್ ಬಾ."

"ಓಣಿ ತುಂಬ ಕಳ್ಳಿ ಅನಿಸಿಕೊಂಡ ಮ್ಯಾಲ ಎಲ್ಲಿಗೆ ಬರ್ಲಿ? ಬ್ಯಾಡ್ರಿ. ಬೀಗರ ಕಿವಿಗೂ ಬಿದ್ದೈತಿ, ಮಗಳನ್ನ ನೋಡಾಕ ನನ್ನ ಬಿಡವಲ್ರು."

ಆಮೇಲೆ ನನ್ನ ಗಲ್ಲ ಹಿಡಿದು ಮೆಲ್ಲಗೆ ಕೇಳಿದಳು: "ನಮ್ಮನಿಗೆ ಬರತಿದ್ದಿ ಅಂತ ಅಪ್ಪ ಬಡದ್ರೇನವ್ವ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ಯಾಕ ಅವತ್ತ ಹೇಳಲಿಲ್ಲ?"

ಗಾಡಿ ಬಂತು. ಅವಳು ಬುಟ್ಟಿ ಹೊತ್ತು, ಹಣ್ಣಿನ ಹೆಸರು ಕೂಗುತ್ತಾ ಥರ್ಡ್ ಕ್ಲಾಸ್ ಡಬ್ಬಿಗಳ ಕಡೆ ನಡೆದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ.